ಉತ್ತರ ಕೊಡದೆ ಒಳಗೆ ಹೋದದ್ದು

ಅರವತ್ತರ ದಶಕದ ಆರಂಭದಲ್ಲಿ, ಎಂಜಿನಿಯರಿಂಗ್ ಸ್ನಾತಕೋತ್ತರ ತರಗತಿಯಲ್ಲಿ ನಾವು ನಾಲ್ಕೇ ಜನ ಇದ್ದೆವು. ಹೆಣ್ಣುಮಗಳು ನಾನೊಬ್ಬಳೇ, ಆಫ್ರಿಕಾ ಮೂಲದ ಸಿದ್ದಿ ಜನಾಂಗದವನು ಅವನೊಬ್ಬನೇ. ಉಳಿದಿಬ್ಬರು ತಮ್ಮೊಳಗೆ ಮೊದಲಿನಿಂದಲೂ ಗೆಳೆಯರು. ಅವನ ಊರು ಹಳಿಯಾಳದ ಆಚೆಗಿನ ಕಾಡಂಚಿನ ಒಂದು ಹಳ್ಳಿ. ಪಾದ್ರಿಗಳ ಶಾಲೆಯಲ್ಲಿ ಓದಿ, ಒಂದೊಂದೇ ಪರೀಕ್ಷೆ ದಾಟಿ ಅಲ್ಲಿಯವರೆಗೆ ಬಂದಿದ್ದ. ಗಣಿತದಲ್ಲಿ ನಮ್ಮ ಮೂವರಿಗಿಂತ ಮುಂದಿದ್ದ.

ಆ ಬೇಸಿಗೆ ಕಾಳಿ ನದಿಯ ಹರಿವು ಅಳೆಯಲು ಕುಳಗಿಯ ಹತ್ತಿರ ಮೂರು ವಾರ ಬಿಡಾರ ಹೂಡಬೇಕಾಗಿತ್ತು. ಪ್ರೊಫೆಸರರು ನನ್ನನ್ನು ಕರೆದು, ನೀನು ಕಾಲೇಜಿನಲ್ಲೇ ಕೂತು ಲೆಕ್ಕ ಬಿಡಿಸು, ಕಾಡಿನಲ್ಲಿ ಹೆಣ್ಣುಮಗಳ ಜವಾಬ್ದಾರಿ ಯಾರು ಹೊರಬೇಕು ಎಂದರು. ಗದರಿ ಹೇಳಿದ್ದಲ್ಲ, ಕಾಳಜಿಯಿಂದಲೇ ಹೇಳಿದರು. ನಾನು ತಲೆಯಾಡಿಸಿ ಹೊರಬಂದೆ. ಮರುದಿನ ಅವನು ಅವರ ಕೋಣೆಗೆ ಹೋಗಿ, ತನ್ನ ತಾಯಿ ಬಂದು ನನ್ನ ಜೋಡಿ ಇರುತ್ತಾಳೆ ಎಂದು ಒಪ್ಪಿಸಿಬಂದಿದ್ದ. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ.

ಅವನ ತಾಯಿ ಬಂದರು. ಅವನು ಆಯಿ ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ಎತ್ತರದ ಹೆಂಗಸು. ಕಂಡವರ ಗದ್ದೆಯಲ್ಲಿ ದುಡಿದು ಮಗನನ್ನು ಓದಿಸಿದವರು. ಅರಣ್ಯ ಇಲಾಖೆಯವರು ಕೊಟ್ಟ ಶೆಡ್ಡಿನ ಒಂದು ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿ ನನಗೆ ಜಾಗ ಮಾಡಿಕೊಟ್ಟರು. ಇಬ್ಬರು ಗೆಳೆಯರು ಆಯಿ ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ತಮ್ಮ ಅಡಿಗೆ ತಾವೇ ಮಾಡಿಕೊಂಡು ಡೇರೆಯಲ್ಲಿ ಉಣ್ಣುತ್ತಿದ್ದರು. ಪ್ರೊಫೆಸರರಿಗೆ ಅದು ಕಾಣುತ್ತಿತ್ತು, ಆದರೆ ಅವರು ಆ ಮಾತು ಎತ್ತಲಿಲ್ಲ. ನಾನು ಆಯಿಯ ಕೈಯೂಟ ಉಂಡೆ. ಅದನ್ನೇ ಒಂದು ದೊಡ್ಡ ಧೈರ್ಯವೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಕೆಲಸವೂ ಮೊದಲ ದಿನವೇ ತಾನಾಗಿ ಹಂಚಿಹೋಯಿತು. ಅವನು ಎದೆಮಟ್ಟದ ನೀರಿನಲ್ಲಿ, ಗೆಳೆಯರು ದಂಡೆಯ ಮೇಲೆ, ನಾನು ನೆರಳಿನಲ್ಲಿ ವಹಿ ಹಿಡಿದುಕೊಂಡು. ನಾಲ್ಕನೆಯ ದಿನ ಅವನು ನೀರಿನಿಂದ ಮೇಲೆ ಬಂದು, ಹರಿವಿನ ವೇಗ ಅಳೆಯುವ ಯಂತ್ರವನ್ನು ನನ್ನ ಮುಂದೆ ಹಿಡಿದ.

“ಇವತ್ತ ನೀವು ಹಿಡೀರಿ. ನಾ ಬರಕೋತೇನಿ.”

ನಾನು ಸೀರೆ ಎತ್ತಿ ಕಟ್ಟಿ, ನಡುನೀರಿನ ಅಳತೆಗೆಂದು ತಂದಿದ್ದ ದೋಣಿ ಹತ್ತಿದೆ. ಗೆಳೆಯರು ನಕ್ಕರು. ನದಿಗೆ ಅಡ್ಡ ಎಳೆದ ಹಗ್ಗಕ್ಕೆ ಕಟ್ಟಿದ ಗುರುತಿನಿಂದ ಗುರುತಿಗೆ ದೋಣಿ ಸರಿಯುತ್ತ, ಯಂತ್ರದ ರೆಕ್ಕೆ ನೀರಿನಲ್ಲಿ ತಿರುಗುವುದು ನನ್ನ ಮುಂಗೈಗೆ ತಾಕಿದಾಗ, ನಾನು ಓದಿದ್ದು ಏನೆಂದು ಮೊದಲ ಸಲ ತಿಳಿಯಿತು.

ಎರಡನೆಯ ವಾರ ಲೆಕ್ಕ ಕೂಡಲಿಲ್ಲ. ಗೆಳೆಯರು ಯಂತ್ರ ಕೆಟ್ಟಿದೆ ಎಂದರು. ಅವನು ಮೂರು ದಿನ ಒಬ್ಬನೇ ಅಳೆದು, ಎಡದಂಡೆಯ ಬಂಡೆಯ ಹಿಂದೆ ನೀರು ಸುತ್ತಿ ಹಿಮ್ಮುಖವಾಗಿ ಹರಿಯುತ್ತಿದೆ, ನಾವು ಅದನ್ನೂ ಮುಂದಕ್ಕೆ ಹರಿಯುವ ನೀರಿಗೆ ಕೂಡಿಸಿದ್ದೇವೆ ಎಂದು ತೋರಿಸಿಕೊಟ್ಟ. ಎಲ್ಲ ಅಂಕಿ ಮತ್ತೆ ಬರೆದೆವು. ಪ್ರೊಫೆಸರರು ಅವನ ಬೆನ್ನು ತಟ್ಟಿದರು.

ಕೊನೆಯ ದಿನ ದಾಂಡೇಲಿಯ ಒಂದು ಅತಿಥಿಗೃಹಕ್ಕೆ ಹಿರಿಯ ಎಂಜಿನಿಯರರು ನಮ್ಮ ವರದಿ ಕೇಳಲು ಬರುವವರಿದ್ದರು. ಪ್ರೊಫೆಸರರೂ ಗೆಳೆಯರೂ ಮೊದಲ ಜೀಪಿನಲ್ಲಿ ಹೋಗಿ ಒಳಗೆ ಸೇರಿದ್ದರು. ಎರಡನೆಯದರಲ್ಲಿ ನಾನು, ಅವನು, ಸಾಮಾನು, ಊರಿಗೆ ಬಸ್ಸು ಹಿಡಿಯಬೇಕಾಗಿದ್ದ ಆಯಿ. ಗೇಟಿನಲ್ಲಿ ಇಳಿದಾಗ ಕಾವಲುಗಾರ ನನಗೆ ಕೈಮುಗಿದು ದಾರಿ ಬಿಟ್ಟ. ಅವನಿಗೆ ಮಾತ್ರ, ಸಾಮಾನು ಹೊತ್ತುಕೊಂಡು ಹಿಂದಿನಿಂದ ಬಾ ಎಂದ. ತಾನೂ ವಿದ್ಯಾರ್ಥಿ ಎಂದು ಅವನು ಮೆಲ್ಲಗೆ ಹೇಳಿದ. ಕಾವಲುಗಾರ ನಂಬಲಿಲ್ಲ. ನನ್ನ ಕಡೆ ತಿರುಗಿದ.

“ಹೌದೇನ್ರಿ ಬಾಯಾರ? ಇವ ನಿಮ್ಮ ಜೋಡಿ ಓದಾಂವ ಏನು?”

ಹೌದು ಎಂಬ ಒಂದೇ ಮಾತು ಸಾಕಿತ್ತು. ಒಳಗಿನ ಪಡಸಾಲೆಯಲ್ಲಿ ಹಿರಿಯರು ಕೂತಿದ್ದು ಕಾಣುತ್ತಿತ್ತು. ಗೇಟಿನಲ್ಲಿ ಗದ್ದಲವಾದರೆ, ಈ ಹುಡುಗಿಯನ್ನು ಕರೆತಂದದ್ದೇ ತಪ್ಪಾಯಿತು ಎನ್ನುತ್ತಾರೆಂಬ ಹೆದರಿಕೆ ಬಂತು. ಹೆದರಿಕೆಯಷ್ಟೇ ಎಂದರೆ ಪೂರ್ತಿ ನಿಜವಲ್ಲ. ಆ ಮುಂಬಾಗಿಲಿನಿಂದ ನನ್ನನ್ನು ಒಳಗೆ ಬಿಡುತ್ತಿದ್ದರು, ಅದು ನನಗೆ ಬೇಕಾಗಿತ್ತು. ಕೈಯಲ್ಲಿದ್ದ ಫೈಲು ಬಿಚ್ಚಿ, ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿ ನಡೆದುಬಿಟ್ಟೆ.

ಒಳಗೆ ಪ್ರೊಫೆಸರರು ಅವನೆಲ್ಲಿ ಎಂದು ಕೇಳಿದರು. ಬರುತ್ತಾನೆ ಎಂದೆ. ಹೊತ್ತಾಗುತ್ತದೆಂದು ಶುರುಮಾಡಿದರು. ಬಂಡೆಯ ಹಿಂದಿನ ಸುಳಿಯ ಬಗ್ಗೆ ನಾನೇ ವಿವರಿಸಬೇಕಾಯಿತು. ಒಬ್ಬ ಹಿರಿಯರು ಮೆಚ್ಚಿ, ಇದನ್ನು ಯಾರು ಪತ್ತೆ ಹಚ್ಚಿದರು ಎಂದು ಕೇಳಿದರು. ನಾವು ಎಂದೆ. ಹೊರಬರುವಷ್ಟರಲ್ಲಿ ತಾಯಿ ಮಗ ಇಬ್ಬರೂ ಹೋಗಿದ್ದರು. ಸಾಮಾನೆಲ್ಲ ಹಿಂದಿನ ಜಗುಲಿಯ ಮೇಲೆ ಒಪ್ಪವಾಗಿ ಜೋಡಿಸಿಟ್ಟಿತ್ತು.

ಕಾಲೇಜಿನಲ್ಲಿ ಅವನು ನನ್ನ ಜೊತೆ ಮಾತು ಬಿಡಲಿಲ್ಲ. ಮೊದಲಿನಂತೆಯೇ ಮಾತಾಡುತ್ತಿದ್ದ, ಪುಸ್ತಕ ಕೊಡುತ್ತಿದ್ದ. ಅದೇ ನನ್ನನ್ನು ತಿನ್ನುತ್ತಿತ್ತು. ಪರೀಕ್ಷೆ ಮುಗಿಸಿ, ದೂರದ ಪ್ರಾಂತದಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋದ. ನಾನು ಬೇರೊಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಕರಿಹಲಗೆಗೆ ಬೆನ್ನು ಮಾಡಿ ನಿಂತು ಹುಡುಗರ ಹಾಜರಿ ಕೂಗುವಾಗ ಎಷ್ಟೋ ಸಲ ಆ ಕಾವಲುಗಾರನ ದನಿ ಕೇಳಿದಂತಾಗಿ, ಹೆಸರು ತಪ್ಪಿ, ಮತ್ತೆ ಮೊದಲಿನಿಂದ ಕೂಗಿದ್ದೇನೆ.

ಎರಡು ವರ್ಷ ತಡೆದು ಆಯಿಯ ಹಳ್ಳಿಗೆ ಹೋದೆ. ಹಳಿಯಾಳದಲ್ಲಿ ಬಸ್ಸು ಇಳಿದು, ಕೇಳಿಕೊಳ್ಳುತ್ತ ನಡೆದೆ. ಅಂಗಳದಲ್ಲಿ ಭತ್ತ ಹರವುತ್ತಿದ್ದ ಆಯಿ ನನ್ನ ಗುರುತು ಹಿಡಿದು ಚಾಪೆ ಹಾಕಿದರು. ಮಗ ಚೆನ್ನಾಗಿದ್ದಾನೆ, ಪತ್ರ ಬರೆಯುತ್ತಾನೆ ಎಂದರು. ಅವನು ಆ ದಿನದ ಬಗ್ಗೆ ಏನಾದರೂ ಹೇಳಿದನೇ ಎಂದು ನಾನು ಕೊನೆಗೂ ಕೇಳಿದೆ.

“ಅವ ಏನೂ ಹೇಳಿಲ್ಲ, ತಂಗಿ. ಹೇಳೂದು ಏನೈತಿ? ನಾ ಅಲ್ಲೇ ಇದ್ದೆನಲ್ಲ. ಆ ಮನಿಷ್ಯಾ ಕೇಳಿದ, ನೀ ಕೆಳಗ ನೋಡಿದಿ.”

ಸಿಟ್ಟಿನಿಂದ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ, ದೂರದಿಂದ ಬಂದಿ, ಉಣ್ಣು ಎಂದು ಗಂಜಿ ಬಡಿಸಿದರು. ನಾನು ಉಂಡೆ. ತಪ್ಪಾಯಿತು ಎಂಬ ಮಾತು ಹೇಳಲು ಬಂದವಳು ಅದನ್ನು ಹೇಳದೆ ಎದ್ದುಬಂದೆ. ಅಂಗಳ ದಾಟಿದ ಮೇಲೆ ಒಮ್ಮೆ ನಿಂತೆ. ಆದರೆ ತಿರುಗಲಿಲ್ಲ.

ಊರಿಗೆ ಬಂದು ಎರಡು ಪತ್ರ ಬರೆದೆ. ಆ ಸುಳಿ ಪತ್ತೆ ಹಚ್ಚಿದವನು ಅವನೊಬ್ಬನೇ, ವರದಿಯಲ್ಲಿ ಹಾಗೆಂದು ಬರೆಸಿ ಎಂದು ಪ್ರೊಫೆಸರರಿಗೆ ಒಂದು. ಅವರು ಕಾಲೇಜಿನ ಪ್ರತಿಯಲ್ಲಿ ಹಾಗೆ ಶಾಯಿಯಲ್ಲಿ ಬರೆಸಿದರು. ಇನ್ನೊಂದು ಅವನಿಗೆ, ಗೇಟಿನಲ್ಲಿ ನಾನು ಮಾಡಿದ್ದಕ್ಕೆ ಕ್ಷಮೆ ಕೇಳಿ. ಬಹಳ ದಿನಗಳ ಮೇಲೆ ಉತ್ತರ ಬಂತು. ಅಣೆಕಟ್ಟಿನ ಕೆಲಸ, ಅಲ್ಲಿಯ ಬಿಸಿಲು, ಎಲ್ಲ ಬರೆದಿದ್ದ. ನಾನು ಕೇಳಿದ್ದಕ್ಕೆ ಒಂದು ಅಕ್ಷರವಿರಲಿಲ್ಲ. ಕೊನೆಯಲ್ಲಿ, ನಮ್ಮ ಜನದವನೊಬ್ಬ ನಿಮ್ಮ ಕಾಲೇಜಿಗೆ ಸ್ನಾತಕೋತ್ತರಕ್ಕೆ ಬರುತ್ತಿದ್ದಾನೆ, ಒಂಟಿಯಾಗದ ಹಾಗೆ ನೋಡಿಕೊಳ್ಳಿ ಎಂದಿತ್ತು.

ಆ ವಿದ್ಯಾರ್ಥಿ ಬಂದ ಮೊದಲ ವಾರ ನಾನು ಮಧ್ಯಾಹ್ನ ಹಾಸ್ಟೆಲಿನ ಊಟದ ಮನೆಗೆ ಹೋದೆ. ಉದ್ದನೆಯ ಬೆಂಚಿನ ತುದಿಯಲ್ಲಿ ಅವನೊಬ್ಬನೇ ಕೂತಿದ್ದ. ತಟ್ಟೆ ತೆಗೆದುಕೊಂಡು ಹೋಗಿ ಅವನೆದುರು ಕೂತೆ. ಸುತ್ತಲಿನವರು ತಿರುಗಿ ನೋಡಿದರು. ಅವನು ತುತ್ತು ಬಿಟ್ಟು ಎದ್ದು ನಿಂತ.

“ನನ್ನಿಂದ ಏನರ ತಪ್ಪಾತೇನ್ರಿ, ಮೇಡಂ?”

ಇಲ್ಲ ಎಂದೆ. ಕೂತುಕೋ ಎಂದೆ. ಅವನು ಬಹಳ ಹೊತ್ತು ನಿಂತೇ ಇದ್ದ.