ಹುಳುಮನೆಗೆ ಹೋದ ಪೋಷಕರ ಸಭೆ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಶಾಲೆಯಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. "ಏನ್ ಸೆಕೆ ಅಲ್ವಾ?" ಅನ್ನುತ್ತಾರೆ. ಎದುರಿನವರು "ಅಯ್ಯೋ, ಕೇಳ್ಬೇಡಿ" ಅನ್ನುತ್ತಾರೆ. ಅಲ್ಲಿಗೆ ಕುಶಲೋಪರಿ ಮುಗಿಯಿತು. ನಾನು ಕನ್ನಡ ಹೇಳಿಕೊಡುವವಳಾದ್ದರಿಂದ ನನ್ನ ರೋಗ ಇನ್ನೂ ಒಂದು ಹೆಜ್ಜೆ ಮುಂದೆ. ಸೆಕೆಗೆ ಏನಾದರೂ ಮಾಡುವುದನ್ನು ಬಿಟ್ಟು, ಸೆಕೆಗೆ ಇರುವ ಪದಗಳನ್ನು ಲೆಕ್ಕ ಹಾಕುತ್ತ ಕೂರುತ್ತೇನೆ. ಧಗೆ, ಝಳ, ಕಾವು, ತಾಪ, ಬೇಗೆ. ಬೇಗೆಯೂ ಬೇಸಗೆಯೂ ಬೇಯುವುದೂ ಒಂದೇ ಬೇರಿನಿಂದ ಹುಟ್ಟಿದ ಪದಗಳೆಂದು ಐದನೇ ತರಗತಿಗೆ ಒಂದು ಮಧ್ಯಾಹ್ನ ಬಹಳ ಉತ್ಸಾಹದಿಂದ ವಿವರಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಭವ್ಯ ಕೈಯೆತ್ತಿ, "ಹಂಗಾದ್ರೆ ನಾವು ಈಗ ಬೇಯ್ತಾ ಇದೀವಾ ಟೀಚರ್?" ಅಂದಳು. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ವ್ಯಾಕರಣ ಅವಳಿಗೆ ಚೆನ್ನಾಗಿ ಅರ್ಥವಾಗಿದೆ ಎಂದು ಖುಷಿಯೂ ಆಯಿತು.

ಅದಾಗಿ ಮೂರ್ನಾಲ್ಕು ದಿನಕ್ಕೆ, ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ, ಅದೇ ಭವ್ಯ ಓದುತ್ತ ನಿಂತವಳು ನಿಂತ ಹಾಗೇ ಕುಸಿದುಬಿದ್ದಳು.

ನಮ್ಮ ಶಾಲೆ ಇರುವುದು ರಾಯಲ್ಪಾಡಿನ ಆಚೆ, ಆಂಧ್ರದ ಗಡಿಯ ಮಗ್ಗುಲಿಗೆ. ನಾನು ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತೇನೆ. ಹಳೆಯ ಕಟ್ಟಡ ಸಾಲದೆ ಬಂದಾಗ ಸಿಮೆಂಟ್ ಶೀಟು ಹೊದೆಸಿ ಎರಡು ಕೊಠಡಿ ಕಟ್ಟಿದ್ದರು. ಐದನೆಯವರೂ ಆರನೆಯವರೂ ಅಲ್ಲಿ. ಬಿಸಿಲೇರಿದಾಗ ಆ ಶೀಟುಗಳು ಟಪ್ ಟಪ್ ಎಂದು ಸದ್ದು ಮಾಡುತ್ತವೆ. ಫ್ಯಾನು ಇದೆ. ಕರೆಂಟು ಇದ್ದಾಗ ಅದು ಮೇಲಿನ ಬಿಸಿಯನ್ನೆಲ್ಲ ಕೆಳಗೆ ತಂದು ನಮಗೆ ಸಮನಾಗಿ ಹಂಚುತ್ತದೆ.

ಭವ್ಯಳ ಮುಖಕ್ಕೆ ನೀರು ಚಿಮುಕಿಸಿ, ಹೊಂಗೆ ಮರದ ಕೆಳಗೆ ಮಲಗಿಸಿದೆವು. ಕಣ್ಣು ಬಿಟ್ಟಳು, ಮಜ್ಜಿಗೆ ಕುಡಿದಳು. ಅವಳ ತಾಯಿ ಮುನಿರತ್ನಮ್ಮ ಓಡುತ್ತ ಬಂದರು. ಹಿಪ್ಪುನೇರಳೆ ಸೊಪ್ಪಿನ ಕಲೆ ಹತ್ತಿದ ಕೈಗಳಿಂದ ಮಗಳ ಕೆನ್ನೆ ಸವರಿ, ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ಮೇಡಂ, ಟಿಸಿ ಕೊಟ್ಬಿಡಿ. ಗೌನಿಪಲ್ಲಿ ಸ್ಕೂಲಿಗೆ ಹಾಕ್ತೀನಿ. ವ್ಯಾನು ಮನೆ ಮುಂದೇನೇ ಬರ್ತದೆ."

ಅವರನ್ನು ಕಂಡು ಇನ್ನೂ ಕೆಲವರು ಹಾಗೇ ಅಂದರು. ಶೀಟಿನ ಕೊಠಡಿಯಲ್ಲಿ ಕೂರುವ ಮಕ್ಕಳಲ್ಲಿ ಅರ್ಧದಷ್ಟು ಹೋದರೂ ಶಾಲೆಯ ಗತಿ ಏನೆಂದು ನಮ್ಮ ಹೆಡ್ ಮೇಷ್ಟ್ರು ನಾರಾಯಣಸ್ವಾಮಿಯವರಿಗೆ ಗೊತ್ತಿತ್ತು. ಆ ಶನಿವಾರವೇ ಪೋಷಕರ ಸಭೆ ಕರೆದರು. ಸಭೆ ಎಲ್ಲಿ? ಶೀಟಿನ ಕೊಠಡಿಯಲ್ಲೇ. "ಅನುಭವಿಸಿ ಮಾತಾಡ್ಲಿ" ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ತಾವೂ ಅಲ್ಲೇ ಕೂರಬೇಕಾಗುತ್ತದೆ ಎಂಬುದನ್ನು ಅವರು ಮರೆತಿದ್ದರು ಎಂದು ಕಾಣುತ್ತದೆ.

ಸಭೆ ಶುರುವಾಗುವ ಹೊತ್ತಿಗೆ ಗಂಡಸರ ಅಂಗಿಗಳೆಲ್ಲ ಬೆನ್ನಿಗೆ ಅಂಟಿದ್ದವು. ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಶಾಲಾ ಸಮಿತಿಯ ಅಧ್ಯಕ್ಷರು ಗಂಗುಲಪ್ಪ, ಮಾವಿನ ತೋಟದವರು, ಮಾತಿನಲ್ಲಿ ಧಾರಾಳಿ. ಅವರು ಮೊದಲೇ ಎದ್ದು, "ಒಂದು ಏಸಿ ಹಾಕ್ಸಿಬಿಡೋಣ" ಅಂದರು. ಅವರ ಭಾಮೈದ ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಇದ್ದಾನಂತೆ, ಹಳೆಯದೊಂದು ಕೊಡಿಸುತ್ತಾನಂತೆ. ಅವರು ಆ ಮಾತು ಮುಗಿಸುವ ಮೊದಲೇ ಕರೆಂಟು ಹೋಯಿತು. ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ಬೆಳಗಿನ ಹೊತ್ತೇ ಶಾಲೆ ಮುಗಿಸಿಬಿಡೋಣ ಎಂದರೆ ಅದಕ್ಕೆ ಮೇಲಿನವರ ಆದೇಶ ಬೇಕು. ಮಾವಿನ ತೋಪಿನಲ್ಲಿ ಪಾಠ ಮಾಡಿ ಎಂದು ಯಾರೋ ಅಂದರು. ಗಂಗುಲಪ್ಪನವರ ಧಾರಾಳತನ ಅಲ್ಲಿಗೆ ನಿಂತಿತು. "ಬ್ಯಾಡಪ್ಪಾ! ಈಗ ತಾನೇ ಕಾಯಿ ಕಟ್ತಾ ಇದೆ. ಪಾಠ ಮರದ ಕೆಳ್ಗೆ ನಡೀತದೆ, ಮಕ್ಕಳು ಮರದ ಮೇಲಿರ್ತವೆ!"

ಹೀಗೆ ಎಷ್ಟೋ ಹೊತ್ತು ಮಾತು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬಂದು ನಿಂತಿತು. ನಾನು ಸುಮ್ಮನೆ ಕೂತು, ಸೆಕೆಗೆ ಅಷ್ಟೊಂದು ಪದ ಇರುವಾಗ ತಂಪಿಗೆ ಯಾಕೆ ಕಡಿಮೆ ಎಂದು ಯೋಚಿಸುತ್ತಿದ್ದೆ. ಕಡಿಮೆಯಾದರೂ ಆ ಪದಗಳ ತೂಕ ದೊಡ್ಡದು. ತಣಿಯುವುದು ಎಂದರೆ ಬಿಸಿ ಆರುವುದೂ ಹೌದು, ಮನಸ್ಸು ತುಂಬುವುದೂ ಹೌದು. ನಮ್ಮ ಕಡೆ ಅನ್ನ ಹಾಕಿದವರಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುತ್ತಾರೆ. ಗಡಿಯ ಆಚೆಯವರೂ ತೆಲುಗಿನಲ್ಲಿ ಅದನ್ನೇ ಅನ್ನುತ್ತಾರೆ, "ನೀ ಕಡುಪು ಸಲ್ಲಗುಂಡ." ಎರಡು ಭಾಷೆಗಳು ಒಂದೇ ಬಿಸಿಲಿನಲ್ಲಿ ನಿಂತು ಒಂದೇ ವರವನ್ನು ಬೇಡಿಕೊಂಡಿವೆ. ಈ ಸುಂದರ ವಿಚಾರದಿಂದ ಯಾವ ಮಗುವಿಗೂ ಒಂದು ಹನಿ ಬೆವರು ಕಡಿಮೆಯಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಗ ಮುನಿರತ್ನಮ್ಮ ಎದ್ದು ನಿಂತರು. "ನಾನ್ ಹೋಗ್ಬೇಕು ಸಾರ್. ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."

ಅವರದು ರೇಷ್ಮೆ ಹುಳು ಸಾಕುವ ಮನೆ. ಅಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನರದ್ದೂ ಅದೇ ಕಸುಬು. ಹುಳುಗಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗಾಡದೆ ಕೂತು, ಪೊರೆ ಬಿಡುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಅವಕ್ಕೆ ಹಸಿವೋ ಹಸಿವು. ಮುನಿರತ್ನಮ್ಮನ ಹುಳುಗಳು ಆಗ ಆ ಹಂತದಲ್ಲಿದ್ದವು.

ಬೆವರಿ ಬೇಸತ್ತಿದ್ದ ಮೇಷ್ಟ್ರು ಸ್ವಲ್ಪ ಗಡುಸಾಗಿಯೇ, "ಮಗಳ ವಿಚಾರ ಮಾತಾಡ್ತಾ ಇದೀವಲ್ಲಮ್ಮ, ಹುಳ ಒಂದು ಗಳಿಗೆ ಕಾಯಲ್ವಾ? ಈ ಸೆಕೇಲಿ ನಾವೇ ಕೂತಿಲ್ವಾ?" ಎಂದರು.

"ಹುಳಕ್ಕೆ ಸೆಕೆ ಆದ್ರೆ ಸತ್ತೋಗ್ತವೆ ಸಾರ್" ಎಂದರು ಮುನಿರತ್ನಮ್ಮ, ದಿನವೂ ಹೇಳುವ ಮಾತಿನ ಹಾಗೆ. "ಅದಕ್ಕೇ ನಾವು ಸೆಕೆ ಆಗೋಕೇ ಬಿಡಲ್ಲ."

ಹೇಳಿದವರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಲ್ಲೇ ನಿಂತರು. ತಾವು ಹೇಳಿದ್ದು ಆಗ ಅವರ ಕಿವಿಗೇ ಬಿದ್ದಂತಿತ್ತು. ಮೆಲ್ಲನೆ ತಲೆಯೆತ್ತಿ ಶೀಟಿನ ಕಡೆ ನೋಡಿದರು, ಆಮೇಲೆ ಮಗಳು ಕುಸಿದುಬಿದ್ದ ಜಾಗದ ಕಡೆ. ಸೆರಗು ಬಾಯಿಗೆ ಹೋಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಚ್ಚಿನವರ ಮನೆಯ ಹಿಂದೆ ಒಂದು ತಣ್ಣನೆಯ ಹುಳುಮನೆ ಇತ್ತು. ಎಲ್ಲರ ಮಕ್ಕಳೂ ಈ ಶೀಟಿನ ಕೆಳಗಿದ್ದರು.

ಕೊನೆಗೆ ಗಂಗುಲಪ್ಪನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ನಡೀರಿ, ನಡೀರಿ. ಸೊಪ್ಪು ಹಾಕ್ತಾ ಹಾಕ್ತಾ ಮಾತಾಡೋಣ" ಎಂದರು. ಸಭೆ ಎದ್ದು ಹೊರಟಿತು.

ಇಷ್ಟು ವರ್ಷ ಈ ಸೀಮೆಯಲ್ಲಿ ಪಾಠ ಹೇಳಿಯೂ ನಾನು ಹುಳುಮನೆಯ ಒಳಗೆ ಕಾಲಿಟ್ಟವಳಲ್ಲ. ಬಾಗಿಲಲ್ಲೇ ಮುನಿರತ್ನಮ್ಮ ನನ್ನನ್ನು ತಡೆದರು. "ತಲೇಲಿರೋ ಮಲ್ಲಿಗೆ ತೆಗೀರಿ ಮೇಡಂ. ಘಾಟು ವಾಸ್ನೆ ಇವಕ್ಕೆ ಆಗಲ್ಲ. ಪೌಡರ್ ಹಾಕಿದ್ರೆ ಮುಖಾನೂ ತೊಳ್ಕೊಂಬಿಡಿ." ತೊಳೆದುಕೊಂಡೆ. ಮೇಷ್ಟ್ರು ಜೇಬಿನಲ್ಲಿದ್ದ ನಶ್ಯದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ಕೈಕಾಲು ತೊಳೆದು, ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು, ಒಬ್ಬರ ಹಿಂದೆ ಒಬ್ಬರು ಒಳಗೆ ಹೋದೆವು.

ಆ ಒಂದು ಹೆಜ್ಜೆಯನ್ನು ನಾನು ಹೇಗೆ ವರ್ಣಿಸಲಿ? ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಹೋದರೆ ಬಾವಿಯ ಮೆಟ್ಟಿಲಿಳಿದ ಹಾಗೆ ತಂಪು. ಮಸುಕು ಬೆಳಕು, ಹಸಿ ಸೊಪ್ಪಿನ ವಾಸನೆ. ಮೇಲಿದ್ದದ್ದು ನಮ್ಮ ಶಾಲೆಯದೇ ಜಾತಿಯ ಸಿಮೆಂಟ್ ಶೀಟು, ಆದರೆ ಅದರ ಬೆನ್ನಿಗೆ ಸುಣ್ಣ ಬಳಿದು, ಸುಣ್ಣದ ಮೇಲೆ ತೆಂಗಿನ ಗರಿ ದಪ್ಪಗೆ ಹೊದೆಸಿದ್ದರು. ಕಿಟಕಿಗಳಿಗೆ ನೆನೆಸಿದ ಗೋಣಿತಾಟು. ಗೋಡೆಯ ಬುಡದಲ್ಲಿ ತಣ್ಣನೆ ಗಾಳಿ ಬರಲು ಕಿಂಡಿ, ನೆತ್ತಿಯಲ್ಲಿ ಬಿಸಿ ಗಾಳಿ ಹೋಗಲು ಕಿಂಡಿ. ಸಾಲು ಸಾಲು ಅಟ್ಟಣೆಗಳ ಮೇಲೆ, ಉದ್ದಕ್ಕೂ, ಬೆಳ್ಳಗೆ ಮೆತ್ತಗೆ ಹುಳುಗಳು.

ಮುನಿರತ್ನಮ್ಮನೂ ಅವರ ಗಂಡನೂ ಸೊಪ್ಪಿನ ಕಡ್ಡಿಗಳನ್ನು ಹರಡುತ್ತ ಹೋದರು. ಹೇಳದೆಯೇ ಗಂಗುಲಪ್ಪನವರೂ ಒಂದು ತೆಕ್ಕೆ ಎತ್ತಿಕೊಂಡರು. ಹುಳುಗಳು ಹಸಿರಿನ ಕೆಳಗೆ ಮುಚ್ಚಿಹೋದವು. ಒಂದು ಕ್ಷಣ ನಿಶ್ಶಬ್ದ. ಆಮೇಲೆ ಎಲ್ಲಿಂದಲೋ ಸಣ್ಣಗೆ ಒಂದು ಸದ್ದು ಶುರುವಾಯಿತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಬ್ಬಿತು, ದಟ್ಟವಾಯಿತು, ಮನೆಯನ್ನೆಲ್ಲ ತುಂಬಿತು. ನಮ್ಮ ಮೇಷ್ಟ್ರು ಮಳೆ ಬಂತೆಂದು ಸೂರಿನ ಕಡೆ ನೋಡಿದರು. ಹುಳುಗಳು ಉಣ್ಣುತ್ತಿದ್ದವು, ಅಷ್ಟೆ. ದಾರದಷ್ಟೂ ದನಿಯಿಲ್ಲದ ಜೀವಗಳು ಸಾವಿರ ಸಾವಿರವಾಗಿ ಒಟ್ಟಿಗೆ ಉಣ್ಣುವ ಸದ್ದು. ನನ್ನ ಮೈಯೆಲ್ಲ ಜುಮ್ಮೆಂದಿತು. ಸುತ್ತ ನೋಡಿದೆ. ಹುಟ್ಟಿದಾಗಿನಿಂದ ಈ ಸದ್ದು ಕೇಳಿದ ಜನ ಕೂಡ ಕೈಕಟ್ಟಿ ನಿಂತಿದ್ದರು, ಗರ್ಭಗುಡಿಯ ಮುಂದೆ ನಿಂತ ಹಾಗೆ. ತಾವು ಏನನ್ನು ಕಾಪಾಡುತ್ತ ಬಂದಿದ್ದೇವೆಂದು ಅವರು ಮೊದಲ ಸಲ ನೋಡುತ್ತಿದ್ದರೋ ಏನೋ.

ಅಂಗಳದ ಚಪ್ಪಡಿಗಳ ಮೇಲೆ ಕೂತು ಸಭೆ ಮುಂದುವರಿಸಿದೆವು. ಈಗ ಎಲ್ಲರಿಗೂ ಮಾತು ಬಂತು. ಗರಿ ಯಾರ ತೋಟದ್ದು, ಗೋಣಿ ಯಾರ ಮಂಡಿಯದ್ದು, ಸುಣ್ಣ ಎಷ್ಟು ಬೇಕು. ಶಾಲೆಯ ಬಿಸಿಯೂಟದ ಅಡುಗೆ ಕೋಣೆಯ ಕಿಡಿ ಹಾರಿದರೆ ಎಂಬ ಭಯಕ್ಕೆ, ಆ ಮಗ್ಗುಲಿಗೆ ಗರಿ ಬೇಡ, ಸುಣ್ಣ ಮಾತ್ರ ಎಂದಾಯಿತು. ಕಿಂಡಿಯ ಮಾತು ಬಂದಾಗ ಮೇಷ್ಟ್ರು ಬೆಚ್ಚಿದರು. "ಸರ್ಕಾರಿ ಗೋಡೆಗೆ ತೂತು ಹೊಡೆಯೋದಾ? ನಾನು ರಿಟೈರ್ ಆಗ್ಬೇಕು ಕಣ್ರೀ!"

"ಗೋಡೆ ಸರ್ಕಾರದ್ದು ಸಾರ್, ಮಕ್ಕಳು ನಮ್ಮವು" ಎಂದರು ಗಂಗುಲಪ್ಪ.

ಮೇಷ್ಟ್ರು ಫೋನು ತೆಗೆದುಕೊಂಡು ದೂರ ಹೋದರು. ಮೇಲಿನವರ ಜೊತೆ ಏನು ಮಾತಾಡಿದರೋ ತಿಳಿಯದು, ಕೈ ಮಾತ್ರ ಗಾಳಿಯಲ್ಲಿ ಕಿಂಡಿಗಳನ್ನು ಕೊರೆಯುತ್ತಿತ್ತು. ಬಂದು, "ಇಂಜಿನಿಯರ್ ಬಂದು ಜಾಗ ತೋರಿಸ್ತಾರಂತೆ. ಆ ಜಾಗ ಬಿಟ್ಟು ಒಂದಿಂಚು ಆಚೆ ಹೋಗಬಾರದು" ಎಂದರು. ಅವರ ಮುಖದಲ್ಲಿ ಒಂದು ಕೋಟೆ ಗೆದ್ದ ಕಳೆ ಇತ್ತು.

ಮರುವಾರದ ಭಾನುವಾರ ಶಾಲೆಯ ಮುಂದೆ ಗರಿಯ ರಾಶಿ ಬಿದ್ದಿತ್ತು. ಹೆಂಗಸರು ಸಾಲಾಗಿ ಕೂತು ಹೆಣೆದರು. ಗಂಡಸರು ಶೀಟಿನ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ತೆವಳಿಕೊಂಡು ಸುಣ್ಣ ಬಳಿದರು. ಕೆಳಗಿನಿಂದ ಒಬ್ಬ ಅಜ್ಜಿ, "ನಿದಾನಂ ರಾ, ನಿದಾನಂ! ಶೀಟು ಪಗುಲ್ತಾದಿ!" ಎಂದು ತೆಲುಗಿನಲ್ಲಿ ಕೂಗುತ್ತಲೇ ಇದ್ದಳು. ಯಾವ ಶೀಟೂ ಒಡೆಯಲಿಲ್ಲ. ಅಜ್ಜಿಯ ಗಂಟಲು ಮಾತ್ರ ಕಟ್ಟಿತು. ನನಗೆ ಒಪ್ಪಿಸಿದ್ದು ಸುಣ್ಣದ ತೊಟ್ಟಿ. ತಣ್ಣೀರು ಸುರಿದ ಕೂಡಲೇ ಅದು ತಾನಾಗಿ ಕುದಿಯತೊಡಗಿತು, ಕೊತಕೊತ ಎಂದು ಹಬೆ ಎದ್ದಿತು. ಸೂರನ್ನು ತಂಪು ಮಾಡಲು ಹೊರಟ ವಸ್ತು ಮೊದಲು ತನ್ನ ಬೆಂಕಿಯನ್ನೆಲ್ಲ ಹೊರಗೆ ಹಾಕುತ್ತಿತ್ತು. ಕೋಲು ಹಿಡಿದು ಬಾಯಿ ತೆರೆದು ನಿಂತುಬಿಟ್ಟೆ. "ಮೇಡಂ, ನೋಡಿದ್ದು ಸಾಕು, ತಿರುವಿ!" ಎಂದು ಮುನಿರತ್ನಮ್ಮ ಗದರಿದರು. ಅವರು ನನ್ನನ್ನು ಗದರಿದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಟಿಸಿಯ ಮಾತನ್ನು ಆ ಮೇಲೆ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಶಾಲೆ ಊಟಿಯಾಗಲಿಲ್ಲ. ಮಧ್ಯಾಹ್ನ ಮಧ್ಯಾಹ್ನವೇ. ಆದರೆ ಶೀಟಿನ ಸದ್ದು ನಿಂತಿತು. ಮಕ್ಕಳ ಕೆನ್ನೆಯ ಕೆಂಪು ಇಳಿಯಿತು. ನೆನೆದ ಗೋಣಿಯಿಂದ ಒಮ್ಮೊಮ್ಮೆ ತೇಲಿ ಬರುವ ಗಾಳಿಗೆ ಭವ್ಯ ಪುಸ್ತಕದಿಂದ ಮುಖವೆತ್ತಿ ಕಣ್ಣು ಮುಚ್ಚಿ, ಮತ್ತೆ ಓದಿಗೆ ಇಳಿಯುತ್ತಿದ್ದಳು.

ಏಪ್ರಿಲ್ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮುನಿರತ್ನಮ್ಮ ಶಾಲೆಗೆ ಬಂದರು. ಹಿಂದಿನ ದಿನವಷ್ಟೇ ಅವರ ಗೂಡು ಮಾರುಕಟ್ಟೆಗೆ ಹೋಗಿತ್ತು. ವಾರಗಟ್ಟಲೆ ಹಗಲು ರಾತ್ರಿ ಎನ್ನದೆ ಹುಳುಗಳಿಗೆ ಎದ್ದು ಎದ್ದು ಉಣಿಸಿದವರು. "ಮಗಳು ಹೆಂಗೆ ಓದ್ತಾಳೆ, ಒಂದ್ ಗಳಿಗೆ ನೋಡ್ಕೊಂಡು ಹೋಗ್ತೀನಿ ಮೇಡಂ" ಎಂದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಪದ್ಯ ಓದಿಸುತ್ತಿದ್ದೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ಅವರ ತಲೆ ಗೋಡೆಗೆ ಒರಗಿತ್ತು. ಮೂರನೆಯದಕ್ಕೆ ಗಾಢ ನಿದ್ದೆ.

ಮಕ್ಕಳು ತಿರುಗಿ ನೋಡಿದರು. ನಗುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ಭವ್ಯ ತುಟಿಯ ಮೇಲೆ ಬೆರಳಿಟ್ಟಳು. ಪದ್ಯ ನಿಲ್ಲಲಿಲ್ಲ, ಅದರ ದನಿ ಇಳಿಯಿತು. ಇಡೀ ತರಗತಿ ಪಿಸುದನಿಯಲ್ಲಿ, ಒಂದು ಅಕ್ಷರವನ್ನೂ ಬಿಡದೆ, ಪ್ರಾಸವನ್ನೂ ಕೆಡಿಸದೆ, ಆ ಪದ್ಯವನ್ನು ಕೊನೆಯವರೆಗೆ ಓದಿತು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿತು. ನಾನು ಹೇಳಿಕೊಟ್ಟದ್ದಲ್ಲ ಅದು. ಪಾಠ ಹೇಳುವ ವೃತ್ತಿಯಲ್ಲಿ ನಾನು ಅಷ್ಟು ಚಂದದ ಓದನ್ನು ಕೇಳಿಲ್ಲ.

ಶಾಲೆ ಬಿಡುವ ಲಾಂಗ್ ಬೆಲ್ಲಿನ ಹೊತ್ತಾಯಿತು. ಮೇಷ್ಟ್ರು ಬೆಲ್ಲು ಹೊಡೆಯಲು ಸುತ್ತಿಗೆ ಹಿಡಿದು ಬಂದವರು ಕಿಟಕಿಯಿಂದ ಒಳಗೆ ನೋಡಿದರು. ನೋಡುತ್ತ ನಿಂತರು. ಸುತ್ತಿಗೆಯನ್ನು ಮೆಲ್ಲನೆ ಕಂಕುಳಲ್ಲಿ ಸಿಕ್ಕಿಸಿಕೊಂಡರು.

ಅಂದು ನಮ್ಮ ಶಾಲೆ ಬಹಳ ತಡವಾಗಿ ಬಿಟ್ಟಿತು. ನನಗೆ ಬಸ್ಸು ತಪ್ಪಿತು. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಲಿಲ್ಲವೆಂದು ಪೋಷಕರು ದೂರು ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಹೇಳಬಹುದಾಗಿದ್ದ ಒಬ್ಬರು ನಿದ್ದೆಯಲ್ಲಿದ್ದರು.