ಎಲ್ಲೂ ಉಜ್ಜದ ಟೈರು

ಹೊನ್ನಾಳಿಯ ನನ್ನ ಟೈರ್ ಅಂಗಡಿಗೆ ಸವಳಂಗದ ಗುತ್ತಿಗೆದಾರರೊಬ್ಬರು ಕಾರು ತಂದರು. ಎಲ್ಲಿಂದಲೋ ಅಗಲವಾದ ಅಲಾಯ್ ವೀಲ್ ತರಿಸಿ, ಮನೆ ಮುಂದೆಯೇ ಹಾಕಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ ಪೂಜೆಯನ್ನೂ ಮುಗಿಸಿದ್ದರು. ಈಗ ಟೈರು ಎಲ್ಲಾದರೂ ಉಜ್ಜುತ್ತದೋ ಏನೋ ನೋಡಿ ಹೇಳಬೇಕಂತೆ. ಮದುವೆ ಮುಗಿಸಿಕೊಂಡು ಜಾತಕ ತೋರಿಸಲು ಬಂದ ಹಾಗಿತ್ತು.

"ಅಣ್ಣಾರೆ, ಖಾಲಿ ಕಾರಲ್ಲಿ ಗೊತ್ತಾಗಲ್ಲ, ಹಿಂದೆ ಮೂರು ಜನ ಕೂರಬೇಕು" ಅಂದೆ. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಮೂವರನ್ನು ಕರೆದು ಕೂರಿಸಿ, ಅಂಗಡಿ ಮುಂದಿನ ಹಂಪ್ ಹತ್ತಿಸಿದೆ. ಹಿಂದಿನ ಎರಡೂ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ರೆಂದವು.

"ಇವನ್ನ ಬಿಚ್ಚಿ ವಾಪಸ್ ಕೊಡ್ರಿ" ಅಂದೆ.

"ಪೂಜೆ ಆಗೈತೆ ಮೇಸ್ತ್ರಿ, ಬಿಚ್ಚಾಕೆ ಬರಲ್ಲ. ವೀಲು ಸರಿಯಾಗೇ ಅದಾವೆ. ನೀವು ಕೂರಿಸಿದ ಜನಾನೇ ದಪ್ಪ" ಅಂದವರೇ ಹೊರಟುಬಿಟ್ಟರು. ಚಹಾದವರು ಮೂವರೂ ತಮ್ಮ ಹೊಟ್ಟೆ ನೋಡಿಕೊಂಡರು.

ತಿಂಗಳಾದ ಮೇಲೆ ನ್ಯಾಮತಿ ರಸ್ತೆಯಲ್ಲಿ ಅದೇ ಕಾರು ಸಿಕ್ಕಿತು. ಹಂಪ್ ಬರುತ್ತಲೇ ಕಾರು ನಿಂತಿತು. ಹಿಂದಿನ ಸೀಟಿನಿಂದ ಅವರ ತಾಯಿ, ಹೆಂಡತಿ, ಅತ್ತೆ ಮೂವರೂ ಇಳಿದರು, ಯಾರೂ ಹೇಳಬೇಕಾಗಲಿಲ್ಲ. ನಡೆದು ಹಂಪ್ ದಾಟಿ, ಆಚೆ ಸಾಲಾಗಿ ನಿಂತರು. ಖಾಲಿ ಕಾರು ಮೆಲ್ಲಗೆ ಹಂಪ್ ಇಳಿದು ಅವರ ಹತ್ತಿರ ಬಂತು.

ನನ್ನನ್ನು ಕಂಡು ಗುತ್ತಿಗೆದಾರರು ಕಿಟಕಿ ಇಳಿಸಿದರು. "ನೋಡ್ರಿ ಮೇಸ್ತ್ರಿ, ಎಲ್ಲೂ ಉಜ್ಜಲ್ಲ."

ಬಗ್ಗಿ ನೋಡಿದೆ. ಟೈರು ನಿಜಕ್ಕೂ ಹೊಸದರ ಹಾಗೇ ಇತ್ತು. ಸವೆದಿದ್ದು ಅತ್ತೆಯವರ ಚಪ್ಪಲಿ.