ಸೋದರತ್ತೆಗೆ ಎರಡು ಗುದ್ದು

ತಮ್ಮನ ಫೋನ್ ಬಂದಾಗ ನಾನು ಗ್ಲೆನ್ ವೇವರ್ಲಿಯ ಹಲ್ಲಿನ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ಕೂತು, ಒಬ್ಬ ಅಜ್ಜನಿಗೆ ಅಪಾಯಿಂಟ್‌ಮೆಂಟ್ ಹುಡುಕಿಕೊಡುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ತಮ್ಮ ಎಂದೂ ಫೋನ್ ಮಾಡಿದವನಲ್ಲ. ಅಜ್ಜನ ಕ್ಷಮೆ ಕೇಳಿ ಎತ್ತಿಕೊಂಡೆ.

"ಅಕ್ಕಾ, ಹುಟ್ಟ್ಯಾವ," ಎಂದ. "ಎರಡೂ ಹುಟ್ಟ್ಯಾವ."

ಅವನ ಹೆಂಡತಿಗೆ ಆಗಷ್ಟೇ ಏಳು ತಿಂಗಳು ತುಂಬಿತ್ತು. ಅವಳಿ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ಬೆಳಿಗ್ಗೆ ಬಿ.ಪಿ. ಏರಿದೆಯೆಂದು ಆಸ್ಪತ್ರೆಗೆ ಹೋದವಳಿಗೆ ಮಧ್ಯಾಹ್ನದೊಳಗೆ ಸಿಸೇರಿಯನ್ ಆಗಿಹೋಗಿತ್ತು. ಒಂದು ಗಂಡು, ಒಂದು ಹೆಣ್ಣು.

"ಎಷ್ಟ್ ದೊಡ್ಡವು ಅದಾವೋ?"

"ದೊಡ್ಡವು ಅಂತ ಯಾವ ಬಾಯ್ಲೆ ಹೇಳ್ಲಿ? ಒಂದೊಂದೂ ಒಂದ್ ಕಿಲೋಕ್ಕಿಂತ ಸ್ವಲ್ಪ ಜಾಸ್ತಿ. ನೀ ಲಗೂನ ಬಾ. ಅವ್ವ ಒಬ್ಬಾಕಿನ ಮನ್ಯಾಗ ಕುಂತಾಳ."

ನಾನಿರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ, ತಮ್ಮನ ಮನೆ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ. ಗಂಡನಿಗೆ ಮನೆ ಒಪ್ಪಿಸಿ ಮರುದಿನ ಮೊದಲ ವಿಮಾನಕ್ಕೆ ಹೊರಟೆ. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಬಾಗಿಲು ತೆರೆದಾಗ ಅವಳ ಕೈಯಲ್ಲೊಂದು ಬೆಳ್ಳಿಯ ಡಬ್ಬಿಯಿತ್ತು. ನಮ್ಮದು ಲಿಂಗಾಯತರ ಮನೆ. ಬಸುರಿಗೆ ಎಂಟನೆಯ ತಿಂಗಳಲ್ಲಿ ಹೊಟ್ಟೆಯೊಳಗಿನ ಕೂಸಿಗಾಗಿ ಲಿಂಗ ಕಟ್ಟುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದಕ್ಕೆಂದೇ ಅವ್ವ ಊರಿನ ಮಠದ ಅಯ್ಯನವರ ಕೈಯಿಂದ ಪುಟ್ಟ ಪುಟ್ಟ ಎರಡು ಲಿಂಗ ಪಡೆದು ತಂದಿದ್ದಳು.

"ಎಂಟರಾಗ ಕಟ್ಟೋಣಂತ ತಂದಿದ್ದೆ," ಎಂದಳು. "ಇವು ಎಂಟಕ್ಕ ಕಾಯ್ಲೇ ಇಲ್ಲ ನೋಡು."

ಆಸ್ಪತ್ರೆಯ ಎಳೆಗೂಸುಗಳ ವಾರ್ಡಿನಲ್ಲಿ ಒಂದು ಹೊತ್ತಿಗೆ ಇಬ್ಬರಿಗೆ ಮಾತ್ರ ಪ್ರವೇಶ. ಮೊದಲು ತಮ್ಮ ನನ್ನನ್ನು ಕರೆದುಕೊಂಡು ಹೋದ. ಮೊಳಕೈವರೆಗೆ ಕೈ ತೊಳೆದು ಒಳಗೆ ಹೋದರೆ, ಬೆಚ್ಚಗಿನ ಗಾಜಿನ ಪೆಟ್ಟಿಗೆಗಳಲ್ಲಿ ಅವೆರಡು. ಎಲ್ಲಕ್ಕಿಂತ ಸಣ್ಣ ಡೈಪರೂ ಕಂಕುಳ ತನಕ ಬರುತ್ತಿತ್ತು. ಕಿವಿ ಇನ್ನೂ ಗಟ್ಟಿಯಾಗಿರಲಿಲ್ಲ, ತಲೆಗೆ ಅಂಟಿಸಿದ ಹಾಗಿತ್ತು. ಹುಡುಗ ಹುಬ್ಬು ಗಂಟಿಕ್ಕಿಕೊಂಡು, ಥೇಟು ನಮ್ಮಪ್ಪ ಪೇಪರ್ ಓದುವಾಗಿನ ಮುಖ ಮಾಡಿದ್ದ. ನಾನು ನಗಬೇಕು ಅನ್ನುವಷ್ಟರಲ್ಲಿ ಹುಡುಗಿಯ ಯಂತ್ರ ಕಿರುಚಿಕೊಂಡಿತು. ಪರದೆಯ ಮೇಲಿನ ಅಂಕಿ ಸರಸರ ಇಳಿಯಿತು. ತಮ್ಮ ನನ್ನ ತೋಳು ಹಿಡಿದುಕೊಂಡ.

ಟೊಂಗಾ ದ್ವೀಪದ ಕಡೆಯ, ಎತ್ತರದ ಒಬ್ಬ ನರ್ಸ್ ಅವಸರವೇ ಇಲ್ಲದೆ ಬಂದು, ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ, ಕೂಸಿನ ಅಂಗಾಲನ್ನು ಬೆರಳಿನಿಂದ ತೀಡಿದಳು. ಅಂಕಿ ಮತ್ತೆ ಏರಿತು.

"ಇಷ್ಟು ಬೇಗ ಬಂದ ಮಕ್ಕಳು ಉಸಿರಾಡುವುದನ್ನು ಒಮ್ಮೊಮ್ಮೆ ಮರೆತುಬಿಡುತ್ತವೆ," ಎಂದಳು ಇಂಗ್ಲಿಷಿನಲ್ಲಿ. "ನಾವು ನೆನಪು ಮಾಡಿಕೊಟ್ಟರಾಯಿತು."

ನಾನು ದಿನಾ ಪೂಜೆ ಮಾಡುವವಳಲ್ಲ. ಆದರೆ ಆ ಕೆಲವೇ ಕ್ಷಣಗಳಲ್ಲಿ "ಶಿವ ಶಿವ" ಎಂದು ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ಹೊರಗೆ ಬಂದು, ತಮ್ಮನ ಹೆಂಡತಿಯನ್ನು ಮಲಗಿಸಿದ್ದ ಕೋಣೆಗೆ ಹೋದೆ.

ನನ್ನ ನಂತರ ಅವ್ವ ಹೋಗಿ ಬಂದಳು. ಅವಳು ಅಳುತ್ತಾ ಬರುತ್ತಾಳೆ ಅಂದುಕೊಂಡರೆ ಸಿಟ್ಟಾಗಿ ಬಂದಳು.

"ಆ ಗಾಜಿನ ಪೆಟ್ಟಿಗಿ ಮ್ಯಾಲ ಏನ ಬರದಾರ ನೋಡಿದಿ? ಟ್ವಿನ್ ಒನ್, ಟ್ವಿನ್ ಟೂ ಅಂತ! ನಮ್ಮ ಕೂಸಿಗೆ ನಂಬರ್ ಹಚ್ಚೂದಂದ್ರೇನು, ಬಸ್ಸೇನ ಅವು?"

"ಅವ್ವಾ, ಹೆಸರು ಇಟ್ಟಿಲ್ಲಲ್ಲ, ಅದಕ್ಕ," ಎಂದ ತಮ್ಮ.

"ಹಂಗಾರ ಇಡೋಣು. ಹದಿಮೂರನೇ ದಿನಕ್ಕ. ಅವು ಎಲ್ಲಿ ಅದಾವೋ ಅಲ್ಲೇ."

ತಮ್ಮನ ಹೆಂಡತಿ ಮಲಗಿದ್ದಲ್ಲಿಂದಲೇ "ನನಗೂ ಅದ ಬೇಕ್ರಿ ಅತ್ತಿ" ಎಂದಳು. ಎರಡು ದಿನದಿಂದ ಯಾರೊಡನೆಯೂ ಹೆಚ್ಚು ಮಾತಾಡದೆ ಇದ್ದವಳು ಅವಳು. ಅಲ್ಲಿಗೆ ತೀರ್ಮಾನವಾಯಿತು. ನಾನು ಕ್ಲಿನಿಕ್‌ಗೆ ಫೋನ್ ಮಾಡಿ ರಜೆ ಮುಂದುವರಿಸಿದೆ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹಾಗೆ ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಅವರ ಹಕ್ಕು.

ನರ್ಸಿಗೆ ಎಲ್ಲವನ್ನೂ ವಿವರಿಸಿದೆ. ವಿಭೂತಿ ಬೇಡ, ಪುಡಿ ಒಳಗೆ ಬರುವ ಹಾಗಿಲ್ಲ ಎಂದಳು. ಪೆಟ್ಟಿಗೆಯೊಳಗೆ ದಾರವೂ ಬೇಡ. ಬೆಳ್ಳಿಯ ಡಬ್ಬಿಯನ್ನು ನೋಡಿ ಸ್ವಲ್ಪ ಯೋಚಿಸಿ, ಎರಡು ಸಣ್ಣ ಪ್ಲಾಸ್ಟಿಕ್ ಚೀಲ ತಂದಳು. ಅವ್ವ ತನ್ನ ಕೈಯಾರೆ ಒಂದೊಂದರಲ್ಲಿ ಒಂದೊಂದು ಲಿಂಗ ಇಟ್ಟು ಮುಚ್ಚಿದಳು. ನರ್ಸ್ ಅವನ್ನು ಪೆಟ್ಟಿಗೆಗಳ ತಲೆಯ ಕಡೆ, ಹೊರಗಿನಿಂದ ಟೇಪು ಹಚ್ಚಿ ಅಂಟಿಸಿದಳು. ತಾನೂ ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುತ್ತೇನೆ ಎಂದು ನಮಗೆ ಹೇಳಿದ್ದು ಆವಾಗಲೇ.

ಹದಿಮೂರನೆಯ ದಿನ ತಮ್ಮನ ಹೆಂಡತಿಯೂ ನಾನೂ ಒಳಗೆ ಹೋದೆವು. ತಮ್ಮ, ಅವ್ವ ಹೊರಗಿನ ಕೋಣೆಯಲ್ಲಿ ಕೂತರು. ಊರಲ್ಲಾದರೆ ಕಿವಿಯಲ್ಲಿ "ಕುರ್ರ್" ಎಂದು ದೊಡ್ಡದಾಗಿ ಊದಿ ಹೆಸರು ಕೂಗುತ್ತಾರೆ. ಇಲ್ಲಿ ಗಟ್ಟಿಯಾಗಿ ಕೆಮ್ಮುವಂತೆಯೂ ಇಲ್ಲ. ಕಿಂಡಿಗೆ ಬಾಯಿ ಹತ್ತಿರ ಒಯ್ದು, ಮೂರು ಮೂರು ಸಲ, ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ ಒಬ್ಬೊಬ್ಬರ ಹೆಸರು ಹೇಳಿದೆ. ಹುಡುಗ ಆಕಳಿಸಿದ. ಹುಡುಗಿ ಒಂದು ಕಣ್ಣು ತೆರೆದು, ಸಾಕು ಎಂಬಂತೆ ಮುಚ್ಚಿಕೊಂಡಳು. ನರ್ಸ್ ಆಗಲೇ ದಪ್ಪ ಪೆನ್ನು ಹಿಡಿದು, ಹಳೆಯ ಚೀಟಿ ಕಿತ್ತು ಹೊಸ ಹೆಸರು ಬರೆಯುತ್ತಿದ್ದಳು. ಒಂದು ಅಕ್ಷರ ತಪ್ಪಿತು, ತಮ್ಮನ ಹೆಂಡತಿ ತಿದ್ದಿಸಿದಳು.

ಹೊರಗೆ ಬಂದು ಬಾಗಿಲು ಮುಚ್ಚಿದ್ದೇ ತಡ, ಅವ್ವ ನನ್ನ ಬೆನ್ನಿಗೆ ಧಡ್ ಅಂತ ಒಂದು ಗುದ್ದಿದಳು. "ಇದು ಹುಡುಗಂದು. ಇದು ಹುಡುಗೀದು," ಎಂದು ಇನ್ನೊಂದು. ಅದೇ ಕೋಣೆಯಲ್ಲಿ ತನ್ನ ಮೊಮ್ಮಗನಿಗಾಗಿ ಕಾಯುತ್ತಿದ್ದ ಲೆಬನಾನಿನ ಅಜ್ಜಿಯೊಬ್ಬಳು ಹೌಹಾರಿ ಎದ್ದು ನಿಂತಳು. ತಮ್ಮ ಅವಳಿಗೆ ಇಂಗ್ಲಿಷಿನಲ್ಲಿ ಪದ್ಧತಿ ವಿವರಿಸಿದ. ಅವಳಿಗೆ ಎಷ್ಟು ತಿಳಿಯಿತೋ, ಎರಡು ಬೆರಳು ತೋರಿಸಿ, ಅವಳಿಯಾ ಎಂದು ಸನ್ನೆಯಲ್ಲೇ ಕೇಳಿ, ನಗುತ್ತಾ ಬಂದು ತಾನೂ ನನಗೆ ಎರಡು ಬಿಗಿದಳು. ಅವ್ವನಿಗಿಂತ ಅವಳ ಕೈಯೇ ಜೋರು.

"ನಗಸಬ್ಯಾಡ್ರಿ, ಹೊಲಿಗಿ ಅದಾವ," ಎಂದು ತಮ್ಮನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಕುರ್ಚಿಗೆ ಒರಗಿದಳು. ಹೆತ್ತ ಮೇಲೆ ಅವಳು ಅಷ್ಟು ನಕ್ಕಿದ್ದು ಅಂದೇ ಮೊದಲು.

ಮರುದಿನ ನಾನು ಮೆಲ್ಬರ್ನಿಗೆ ಮರಳಿದೆ. ಮಕ್ಕಳು ಇನ್ನೂ ಐದು ವಾರ ಅಲ್ಲಿದ್ದು, ಉಸಿರಾಡುವುದನ್ನೂ ಹಾಲು ಚೀಪುವುದನ್ನೂ ಚೆನ್ನಾಗಿ ಕಲಿತು ಮನೆಗೆ ಬಂದವು. ಆ ಶನಿವಾರ ನಾನು ಮತ್ತೆ ಪೆಂಡಲ್ ಹಿಲ್‌ಗೆ ಹೋದೆ.

ಭಾನುವಾರ ಬೆಳಿಗ್ಗೆ ಅವ್ವ ಎಂದಿನಂತೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಆಗ ಅವಳನ್ನು ಯಾರೂ ಮಾತಾಡಿಸುವ ಹಾಗಿಲ್ಲ. ನಮ್ಮ ಚಿಕ್ಕಂದಿನಲ್ಲಿ ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಎದ್ದವಳಲ್ಲ. ಆಚೆ ಕೋಣೆಯಲ್ಲಿ ಎರಡೂ ಕೂಸು ಒಟ್ಟಿಗೇ ಅಳತೊಡಗಿದವು. ಆಸ್ಪತ್ರೆಯಲ್ಲಿ ಬೆಕ್ಕಿನ ಮರಿಯಂತೆ ಕುಂಯ್ ಎನ್ನುತ್ತಿದ್ದವು ಈಗ ಮನೆ ಹಾರಿಹೋಗುವಂತೆ ಅರಚುತ್ತಿದ್ದವು. ನಾವು ಮೂವರೂ ತೊಟ್ಟಿಲಿನ ಸುತ್ತ ನಿಂತು ಆ ದನಿಯನ್ನು ಕೇಳುತ್ತಾ ಸುಮ್ಮನೆ ಹಲ್ಲು ಕಿರಿಯುತ್ತಿದ್ದೆವು.

ಬಾಗಿಲಲ್ಲಿ ಅವ್ವ ಬಂದು ನಿಂತಳು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ ಹಾಗೇ ಇತ್ತು. ಬಲಗೈಯಿಂದ ತೊಟ್ಟಿಲು ತೂಗುತ್ತಾ ನಮ್ಮನ್ನು ಗದರಿದಳು:

"ಏನ್ ನೋಡ್ಕೋತ ನಿಂತೀರಿ? ಹಸದಾವ. ಹಾಲು ಕುಡಸ್ರಿ."